ಪುಟ್ಟ ತೋಟಾ, ಉದ್ದ ನಳಿಕೆ

ಪ್ರೀತಿಯ ಚಿಕ್ಕಪ್ಪನಿಗೆ, ನಿಮ್ಮ ಬಾಯಿಬಡುಕಿ ಚೂಟಿಯ ನಮಸ್ಕಾರಗಳು.

ನಿನ್ನೆ ಚಿಕ್ಕಮ್ಮ ಫೋನಿನಲ್ಲಿ ಅತ್ತುಬಿಟ್ಟರು. ಕಿವಿ ಪೂರ್ತಿ ಹೋದ ಮೇಲೆ ನೀವು ಕೋಣೆ ಬಿಟ್ಟು ಬರುತ್ತಿಲ್ಲವಂತೆ, ಯಾರಾದರೂ ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತೀರಂತೆ. ನನಗೂ ಬರಬೇಡ ಎಂದು ಹೇಳಿಸಿದ್ದೀರಿ. ಕೆಟ್ಟ ಸಿಟ್ಟು ಬಂತು ಚಿಕ್ಕಪ್ಪ. ಅದಕ್ಕೇ ಈ ಕಾಗದ.

ನಾವು ಕೆಲಸ ಮಾಡುತ್ತಿದ್ದ ಬಂದೂಕಿನ ತೋಟಾ ಕಾರ್ಖಾನೆಯ ಪರೀಕ್ಷಾ ಕೋಣೆ ನೆನಪಿದೆಯಾ? ಪಿಸ್ತೂಲಿನ ತೋಟಾಗಳನ್ನು ಉದ್ದ ನಳಿಕೆಯ ಬಂದೂಕಿನಲ್ಲಿ ಹಾರಿಸಿದರೆ ಗುಂಡಿನ ವೇಗ ಎಷ್ಟು ಏರುತ್ತದೆ ನೋಡಿ ಎಂದಿದ್ದರು ಮೇಲಿನವರು. ಹಾರಿಸುವವರು ನೀವು, ವೇಗ ಅಳೆಯುವ ಯಂತ್ರ ನೋಡುವವಳು ನಾನು. ಮದ್ದು ಜಾಸ್ತಿಯಿದ್ದ ರಿವಾಲ್ವರ್ ತೋಟಾದ ಗುಂಡು ಎದ್ದೆನೋ ಬಿದ್ದೆನೋ ಅಂತ ಓಡಿತು. ಮಾಮೂಲಿ ಪಿಸ್ತೂಲಿನದು ಸ್ವಲ್ಪ ಏರಿತು. ಎಲ್ಲಕ್ಕಿಂತ ಪುಟ್ಟದು ಮಾತ್ರ ಅಷ್ಟುದ್ದದ ನಳಿಕೆಯಲ್ಲಿ ನಿಧಾನವಾಗಿಬಿಡಬೇಕೆ! ನೀವು ಮೊದಲು ಯಂತ್ರಕ್ಕೆ ಬೈದಿರಿ, ಆಮೇಲೆ ನನಗೆ. ಹಟ ಹಿಡಿದು ನಳಿಕೆಯನ್ನು ಇಂಚಿಂಚೇ ಕತ್ತರಿಸಿ ಮತ್ತೆ ಮತ್ತೆ ಹಾರಿಸಿದಿರಿ. ಗಿಡ್ಡವಾದಷ್ಟೂ ವೇಗ ಏರಿತು. ಆ ಖುಷಿಯಲ್ಲಿ ಇನ್ನೂ ಕತ್ತರಿಸಿದಿರಿ, ವೇಗ ಬಿದ್ದೇ ಹೋಯಿತು.

ಹೊರಗೆ ಬಂದು ಚಹಾ ಕುಡಿಯುತ್ತಾ, "ಅದರಲ್ಲಿರೋದೇ ಚಿಟಿಕೆ ಮದ್ದು ಕಣೇ, ಬೇಗ ತೀರತ್ತೆ. ಆಮೇಲೆ ನಳಿಕೆ ಗುಂಡನ್ನ ಬರೀ ಉಜ್ಜಿ ತಡೆಯತ್ತೆ. ತೀರಾ ಗಿಡ್ಡ ಆದ್ರೆ ಮದ್ದಿಗೆ ತಳ್ಳೋಕೇ ಪುರಸೊತ್ತಿರಲ್ಲ" ಎಂದಿರಿ. ಸ್ಟೋರಿನವನು ತುಂಡುಗಳನ್ನು ನೋಡಿ, "ಏನ್ ಸ್ವಾಮಿ, ಬಂದೂಕನ್ನ ಸೌತೆಕಾಯಿ ಥರ ಹೆಚ್ಚಿದೀರಿ?" ಎಂದ. ನೀವು ನಕ್ಕಿದ್ದಕ್ಕೆ ಚಹಾ ಮೂಗಿಗೆ ಏರಿತ್ತು. ಅಯ್ಯೋ, ಎಂಥ ದಿನಗಳು ಚಿಕ್ಕಪ್ಪ ಅವು!

ಒಂದು ಕೇಳುತ್ತೇನೆ. ಆ ಕೋಣೆಯೊಳಗೆ ನಾವು ಒಬ್ಬರ ಮಾತನ್ನು ಒಬ್ಬರು ಯಾವತ್ತಾದರೂ ಕೇಳಿಸಿಕೊಂಡಿದ್ದೇವಾ? ಗುಂಡಿನ ಸದ್ದಿಗೆಂದು ಇಬ್ಬರ ಕಿವಿಗೂ ಮುಚ್ಚಳ. "ಕಣ್ಣು ಎಲ್ಲಿಟ್ಟಿದೀಯೇ?" ಅನ್ನುವುದನ್ನು ಎರಡು ಬೆರಳಲ್ಲಿ ಬೈದವರು ನೀವು. ಯಂತ್ರ ಕೆಟ್ಟಿದೆ, ಹಸಿವಾಗಿದೆ, ಮೇಲಿನವರು ಬಂದರು, ಬಾಯಿ ಮುಚ್ಚು, ಎಲ್ಲವೂ ಕೈಯಲ್ಲೇ. ಹಾಗೆ ಹರಟಿಯೇ ನಮ್ಮ ಅರ್ಧ ಆಯಸ್ಸು ಕಳೆಯಿತು. ಈಗ ಕಿವಿ ಕೇಳಿಸದು ಎಂದು ನನ್ನ ಮುಂದೆಯೇ ನಾಚಿಕೆಯೇ?

ಭಾನುವಾರ ಬರುತ್ತೇನೆ, ಬೇಡ ಎಂದರೂ ಬರುತ್ತೇನೆ. ನಿಮ್ಮ ಜೊತೆ ಹರಟಲಿಕ್ಕಲ್ಲ, ನೀವು ಚಿಕ್ಕಮ್ಮನಿಗೆ ಆ ಕೈಮಾತು ಕಲಿಸುವುದನ್ನು ನೋಡಲಿಕ್ಕೆ. ಪಾಪ, ಅವರಿಗೆ ಅದರ ಒಂದಕ್ಷರವೂ ಬಾರದು. "ಊಟ ಮಾಡಿ ಅಂತ ಹೇಳೋದು ಹೇಗೇ?" ಎಂದು ನನ್ನನ್ನು ಕೇಳಿ ಅತ್ತರು. ನಾನು ಹೇಳಿಕೊಡಲಿಲ್ಲ. ನೀವೇ ಹೇಳಿಕೊಡಬೇಕು.

ನಿಮ್ಮಿಬ್ಬರ ಮನೆ ಮತ್ತೆ ಗಲಗಲ ಎನ್ನಲಿ ಎಂದು ಹಾರೈಸುವ,
ನಿಮ್ಮ ಚೂಟಿ