ಶೇಷ ಒಂದು

ಹುಮನಾಬಾದ

ಪೂಜ್ಯ ಮಾವನವರಿಗೆ ಶರಣಾರ್ಥಿ.

ಕಲ್ಯಾಣದ ಶರಣರು ಒಂದು ಲಕ್ಷ ತೊಂಬತ್ತಾರು ಸಾವಿರ ಎಂದು ನೀವು ಊಟಕ್ಕೆ ಕೂತಾಗ ಹೇಳಿದಿರಿ. ಗಣಿತದ ಮಾಸ್ತರನ ಬಾಯಿ ಸುಮ್ಮನಿದ್ದೀತೇ? “ಮೂರರಿಂದ ಭಾಗಿಸಿದ್ರ ಒಬ್ಬರು ಉಳೀತಾರ್ರಿ” ಎಂದೆ.

“ಶರಣರಿಗೇ ಭಾಗಾಕಾರ ಹಾಕ್ತೀರೇನ್ರಿ? ಉಳದವರು ನೀವೇ, ನಡೀರಿ ಹುಮನಾಬಾದಿಗೆ!” ಎಂದಿರಿ. ಪೂನಂ ನಿಮ್ಮ ಪಕ್ಷ ಸೇರಿ ತವರಲ್ಲೇ ಉಳಿದಳು.

ನನ್ನ ಲೆಕ್ಕ ಈಗಲೂ ಸರಿಯಿದೆ, ಅಡುಗೆ ಮಾತ್ರ ಸರಿಯಿಲ್ಲ. ಬೇಳೆ ಸೀಯಿಸಿ ಸೀಯಿಸಿ ದಣಿದು, ಮತ್ತೆ ಭಾಗಿಸಿ ನೋಡಿದೆ. ನಿಮ್ಮಲ್ಲಿ ಈಗ ಊಟಕ್ಕೆ ಕೂಡುವವರು ಪೂನಂ ಸೇರಿ ಆರು ಮಂದಿ. ಆರರಿಂದ ಭಾಗಿಸಿದರೆ ನಾಲ್ವರು ಶರಣರು ಹೊರಗುಳಿಯುತ್ತಾರೆ. ಏಳರಿಂದ ಭಾಗಿಸಿದರೆ ಒಬ್ಬರೂ ಉಳಿಯುವುದಿಲ್ಲ.

ಐತವಾರ ಬರುತ್ತೇನೆ. ಏಳನೆಯ ತಾಟು ಹಾಕಲು ಅತ್ತೆಯವರಿಗೆ ಹೇಳಿರಿ.

ನಿಮ್ಮ ಶೇಷ,
ಧನರಾಜ