ಮಗು ನೋಡಲು ಬಂದವಳು

ಜೂನ್ 9, ಭಾನುವಾರ
ಮತ್ತೆರಡು ಬ್ಲೌಸ್ ಬಿಗಿ. ಏಳನೇ ತಿಂಗಳು, ಇನ್ನೇನು! ಚಿಂತಾಮಣಿಯಲ್ಲಿ ಟೈಲರ್‌ಗಳಿಗೆ ಬರವಿಲ್ಲ. ಆದರೆ ಈ ಹೊಟ್ಟೆ ಹೊತ್ತು ಪೇಟೆಗೆ ನಡೆಯುವವರು ಯಾರು? ಪಕ್ಕದ ಮನೆಗೆ ಬಾಡಿಗೆಗೆ ಬಂದಿರುವ ಶಿರೀಷಾ ಹೊಲಿಯುತ್ತಾಳಂತೆ. ಮಂಗಳಮುಖಿ. ನನ್ನನ್ನು ತೆಲುಗಲ್ಲಿ 'ತಾಯಿ' ಎಂದೇ ಕರೆಯುವ ಅತ್ತೆ ಮೊದಲ ದಿನವೇ ಹೇಳಿದ್ದರು— "ಬಾಗಿಲು ಹಾಕ್ಕೊಂಡಿರು ತಲ್ಲೀ. ಅವರ ಬಾಯಿಗೆ ಬೀಳ್ಬೇಡ." ನನಗೂ ಭಯವೇ.

ಜೂನ್ 11
ಅತ್ತೆ ಮಲಗಿದ ಮೇಲೆ ಬ್ಲೌಸ್ ಹಿಡಿದು ಕಾಂಪೌಂಡ್ ಹತ್ತಿರ ಹೋದೆ. ಶಿರೀಷಾ ಗೋಡೆಯ ಮೇಲಿಂದ ಟೇಪು ಚಾಚಿದಳು. "ನೀವೇ ಅಳತೆ ತಗೊಂಡು ಹೇಳಿ ಅಕ್ಕ. ನಾನು ಮುಟ್ಟಲ್ಲ." ನಾನು ಏನೂ ಅಂದಿರಲಿಲ್ಲ. ಮುಖದಲ್ಲೇ ಬರೆದಿತ್ತೇನೋ... ನಾಚಿಕೆಯಾಯಿತು.

ಜೂನ್ 28
ಈಗ ದಿನಾ ಮಧ್ಯಾಹ್ನ ಗೋಡೆ ಹತ್ತಿರ ಹರಟೆ. ಸೀರಿಯಲ್, ಟೊಮ್ಯಾಟೊ ರೇಟು, ಅವಳ ಮಿಷನ್ನಿನ ರಗಳೆ. ಇವತ್ತು ಕೇಳಿಯೇಬಿಟ್ಟೆ— "ನಿಮ್ಮ ಶಾಪ ತಟ್ಟುತ್ತಂತೆ, ನಿಜಾನಾ?" ಬಿದ್ದು ಬಿದ್ದು ನಕ್ಕಳು. "ತಟ್ಟೋ ಹಂಗಿದ್ರೆ ಕರೆಂಟ್ ಕಟ್ ಮಾಡೋರು ಉಳೀತಿದ್ರಾ ಅಕ್ಕ?" ಆಮೇಲೆ ಮೆತ್ತಗೆ— "ಕೆಲವರು ಬಾಗಿಲು ಹಾಕ್ಕೋತಾರೆ, ಕೆಲವರು ಕಾಲಿಗ್ ಬೀಳ್ತಾರೆ. ಹಿಂಗೆ ಸುಮ್ನೆ ಮಾತಾಡೋರು ನೀವೊಬ್ರೇ." ನಾಳೆ ಹೆರಿಗೆಗೆ ತವರಿಗೆ, ಗೌರಿಬಿದನೂರಿಗೆ. "ವಾಪಸ್ ಬಂದ್ಮೇಲೆ ಮಗು ನೋಡಕ್ ಬರ್ತೀನಿ" ಅಂದಳು.

ನವೆಂಬರ್ 17
ಮಗಳೊಂದಿಗೆ ಚಿಂತಾಮಣಿಗೆ ವಾಪಸ್. ಶಿರೀಷಾ ಸಂಜೆಯೇ ಬಂದಳು. ಅವಳಿಗೆಂದು ತಟ್ಟೆ ಸಿದ್ಧ ಮಾಡಿದ್ದೆ— ಅಕ್ಕಿ, ಬೆಲ್ಲ, ಸೀರೆ, ದಕ್ಷಿಣೆ. ಆಶೀರ್ವಾದ ಮಾಡಿಸಲು ಅತ್ತೆಯನ್ನೂ ಒಪ್ಪಿಸಿದ್ದೆ. ಹೆಮ್ಮೆ ಬೇರೆ!
ಅವಳ ಕೈಯಲ್ಲಿ ತಾನೇ ಹೊಲಿದ ಕುಲಾವಿ. ತಟ್ಟೆ ಕಂಡು ಮುಖ ಸಪ್ಪಗಾಯಿತು. "ನಾನು ಮಗು ನೋಡಕ್ ಬಂದೆ ಅಕ್ಕ. ಇದಕ್ಕಲ್ಲ." ದೂರದಿಂದಲೇ ಅಕ್ಷತೆ ಹಾಕಿದಳು. ಕುಲಾವಿ ಇಟ್ಟು ಹೊರಟುಬಿಟ್ಟಳು. ತಟ್ಟೆ ಮುಟ್ಟಲಿಲ್ಲ.

ನವೆಂಬರ್ 26
ಮಿಷನ್ ಸದ್ದು ಕೇಳುತ್ತದೆ. ಗೋಡೆ ಹತ್ತಿರ ಬರುವುದಿಲ್ಲ. ನಾನೂ ಕಾಲಿಗೆ ಬೀಳುವವರ ಜೊತೆ ಸೇರಿಬಿಟ್ಟೆನಲ್ಲ... ಅವಳಿಲ್ಲದೆ ಮಧ್ಯಾಹ್ನ ಮುಗಿಯುವುದೇ ಇಲ್ಲ.

ನವೆಂಬರ್ 29, ಮಧ್ಯಾಹ್ನ
ಮಗಳಿಗೆ ಆ ಕುಲಾವಿ ಹಾಕಿ ಅವಳ ಬಾಗಿಲಿಗೇ ಹೋದೆ. "ಕೈ ನೋಯ್ತಿದೆ ಕಣೇ. ಸ್ವಲ್ಪ ಹೊತ್ತು ಎತ್ಕೋ." ಸೆರಗಿಗೆ ಕೈ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. "ಎತ್ಕೊಳ್ಳಾ ಅಕ್ಕ? ಸುಮ್ನೆ?"
"ಸುಮ್ನೆ."
ಹಾಗೇ ನಮ್ಮ ವರಾಂಡಕ್ಕೆ ಕರೆತಂದೆ. ಮಗಳು ಅವಳ ತೋಳಲ್ಲಿ ನಿದ್ದೆ. ನನ್ನ ಕೈ ಖಾಲಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.
ಅತ್ತೆ ಬಾಗಿಲಿಗೆ ಬಂದರು. ನಿಂತು ನೋಡಿದರು.
"ಮಗೂನ ಕತ್ತಿಗೆ ಕೈ ಕೊಡು ತಲ್ಲೀ, ಕತ್ತಿಗೆ! ನಿಮಗಿಬ್ರಿಗೂ ಮಗು ಎತ್ಕೊಳಕ್ಕೇ ಬರಲ್ಲ." ಗೊಣಗುತ್ತಾ ಅವಳ ಪಕ್ಕದಲ್ಲೇ ಕೂತರು.
ಶಿರೀಷಾ ಅಳುತ್ತಿದ್ದಾಳೆ. ಮಗಳೂ ಎಚ್ಚರವಾಗಿ ರಾಗ ಶುರು ಮಾಡಿದಳು. ಏಳಬೇಕು, ಎತ್ತಿಕೊಳ್ಳಬೇಕು— ಬೇಡ, ಶಿರೀಷಾಳೇ ತೂಗಿ ಸಮಾಧಾನ ಮಾಡುತ್ತಿದ್ದಾಳೆ.