ಹದಿನಾಲ್ಕನೇ ಕಂತು ಕೇಳಿದ ಮೇಲೆ

ವಾಡಿ
9 ನವೆಂಬರ್ 2025, ಭಾನುವಾರ

ಪ್ರೀತಿಯ ರಂಜನಾ,

ಚಿಂಚೋಳಿಯ ಹೊಸ ಶಾಲೆ ಇಷ್ಟೊತ್ತಿಗೆ ನಿನಗೆ ಒಗ್ಗಿರಬೇಕು. ಇಲ್ಲಿ ಸ್ಟಾಫ್ ರೂಮಿನಲ್ಲಿ ನಿನ್ನ ಕುರ್ಚಿಯ ಮೇಲೆ ಉತ್ತರಪತ್ರಿಕೆಯ ಗಂಟು ಕೂತಿದೆ. ಮೊಬೈಲಿರುವಾಗ ಕಾಗದ ಯಾಕೆ ಅಂತ ನಗಬೇಡ. ಮೊಬೈಲಿನಲ್ಲಿ ಬರೆದದ್ದು ಬೆರಳು ತಾಗಿದರೆ ಯಾರ್ಯಾರಿಗೋ ಹೋಗಿಬಿಡುತ್ತದೆ. ಇದು ನಿನಗೊಬ್ಬಳಿಗೇ.

ನೀನು ಕಳಿಸಿದ್ದನ್ನೆಲ್ಲ ನೋಡಿದೆ, ಕೇಳಿದೆ. ಮೊದಲು ಸಿನಿಮಾ. ಭಾಗ್ಯಾ ಕಾಲೇಜಿಗೆ ರಜೆ ಅಂತ ಬಂದಿದ್ದಳು, ತಾಯಿ ಮಗಳು ಕೂತು ನೋಡಿದೆವು. ಹೀರೋ ಕೊಡಲಿ ಹಿಡಿದು ಬಂದರಿನಲ್ಲಿ ಅರವತ್ತು ಮಂದಿಯನ್ನು ಕಡಿಯುತ್ತಾನೆ. ಒಬ್ಬನೂ ಅವ್ವಾ ಅನ್ನುವುದಿಲ್ಲ, ಬಿದ್ದವರು ಬಿದ್ದಲ್ಲೇ ಸಾಯುತ್ತಾರೆ. ಭಾಗ್ಯಾಗೆ ಭಾಳ ಸೇರಿತು, ಸೀಟಿ ಹೊಡೆದಳು. ನನಗೆ ಸೇರಲಿಲ್ಲ. ಮನುಷ್ಯ ಅಷ್ಟು ಬೇಗ ಸಾಯುವುದಿಲ್ಲ ರಂಜನಾ.

ಗಿಟಾರ್ ಹಿಡಿದು ವಚನ ಹಾಡುವ ಆ ಹುಡುಗಿ ಚಲೋ ಇದ್ದಾಳೆ. ದನಿಯಲ್ಲಿ ಸ್ವಲ್ಪ ಒರಟಿದೆ, ಅದೇ ಚಂದ. ಆದರೆ ಒಂದು ಸಾಲು ಮುಗಿಸುವಷ್ಟರಲ್ಲಿ ನನ್ನ ಒಂದು ಸೇರು ಅಕ್ಕಿ ಆರಿಸಿ ಮುಗಿಯುತ್ತದೆ.

ಇನ್ನು ಪಾಡ್‌ಕಾಸ್ಟು. "ಉಮಕ್ಕ, ಹದಿನಾಲ್ಕನೇ ಕಂತು ಕೇಳ್ರಿ, ರೊಟ್ಟಿ ಬಡಿಯೂದ ಮರೀತೀರಿ" ಅಂದಿದ್ದೆ. ಕೇಳಿದೆ. ರೊಟ್ಟಿ ಹಂಚಿನ ಮೇಲೆ ಕರಕಾಯಿತು.

ಕೊಲೆಯ ಕಥೆ ಹೇಳುವ ಆ ಹುಡುಗರಿಬ್ಬರೂ ಜನರ ಹೆಸರು ಬದಲಿಸಿದ್ದಾರೆ, ಊರು ಬದಲಿಸಿಲ್ಲ. ಶಹಾಬಾದ್, ಹನ್ನೊಂದು ವರ್ಷದ ಹಿಂದೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಹುಡುಗ. ಅವನು ನನ್ನ ತಮ್ಮ ಸಿದ್ದಲಿಂಗೇಶ. ನಿನಗೆ ನಾನು ಅಪಘಾತ ಅಂತ ಹೇಳಿದ್ದೆ. ಆರು ವರ್ಷ ಒಂದೇ ಡಬ್ಬಿಯಲ್ಲಿ ಉಂಡರೂ ಅದನ್ನೇ ಹೇಳುತ್ತ ಬಂದೆ.

ಅವರು ಸಿದ್ದು ಮಾಲೀಕನ ಮಗಳನ್ನು ಪ್ರೀತಿಸಿದ್ದ ಅನ್ನುತ್ತಾರೆ. ಯಾವ ಹುಡುಗಿಯೂ ಇರಲಿಲ್ಲ. ಕಲ್ಲು ಹೇರುವಾಗ ಒಬ್ಬ ಡ್ರೈವರ್ ಕುಡಿದು ಲಾರಿ ಹಿಂದಕ್ಕೆ ತೆಗೆದ, ಒಬ್ಬ ಹಮಾಲನ ಪಾದ ಅಪ್ಪಚ್ಚಿಯಾಯಿತು. ಸಿದ್ದು ಆ ಡ್ರೈವರನನ್ನು ಕೆಳಗೆಳೆದು ಎಲ್ಲರೆದುರು ಕಪಾಳಕ್ಕೆ ಬಾರಿಸಿದ್ದ. ಇಷ್ಟೇ.

ಹುಣ್ಣಿಮೆ ರಾತ್ರಿ, ಗಣಿಯ ಅಂಚು ಅನ್ನುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ ಅದು, ನಮ್ಮ ತವರಿನ ಹಿತ್ತಲು. ಮಚ್ಚಿನ ಒಂದೇ ಏಟು ಅನ್ನುತ್ತಾರೆ. ಕಲ್ಲೊಡೆಯುವ ಸುತ್ತಿಗೆ, ಏಳು ಏಟು. ಮೊದಲನೆಯದು ಹೆಗಲಿಗೆ. ಅಡ್ಡ ಹಿಡಿದ ಕೈಯ ಬೆರಳು ಮುರಿದಿದ್ದವು. ಕೆಳದವಡೆ ಒಂದು ಕಡೆ ಇರಲೇ ಇಲ್ಲ. ಆದರೂ ಉಸಿರಿತ್ತು. ಆಟೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು, ಕಲಬುರಗಿಯ ಅರ್ಧ ದಾರಿಯವರೆಗೆ ಉಸಿರು ಗುಳುಗುಳು ಅನ್ನುತ್ತಿತ್ತು. ಮರುದಿನ ಸೀರೆ ಒಗೆಯುವಾಗ ನೆರಿಗೆಯಲ್ಲಿ ಒಂದು ಹಲ್ಲು ಸಿಕ್ಕಿತು.

ಹೊಡೆತದ ಜಾಗದಲ್ಲಿ ಅವರು ತೆಂಗಿನಕಾಯಿ ಒಡೆದ ಸದ್ದು ಹಾಕಿದ್ದಾರೆ. "ಅಕ್ಕ ಒಳಗೆ ಗಡದ್ದಾಗಿ ನಿದ್ದೆ ಹೊಡೀತಿದ್ಲಂತೆ" ಅಂತ ಒಬ್ಬ ಅಂದ, ಇನ್ನೊಬ್ಬ ನಕ್ಕ. ಸಾಕ್ಷಿ ಸಿಗದೆ ಪೊಲೀಸರು ಕೇಸು ಮುಚ್ಚಿದರು, ಕೊಂದವನು ನಿಮ್ಮ ಪಕ್ಕದಲ್ಲೇ ಇರಬಹುದು ಅಂತ ಹೇಳಿ ಕೊನೆಗೆ ಸಂಗೀತ.

ಕೇಳಿದ ಮೇಲೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ, ನಿನಗೇನು ಗೊತ್ತು. ಆ ಲಿಂಕನ್ನು ಮಾತ್ರ ಇನ್ನು ಯಾರಿಗೂ ಕಳಿಸಬೇಡ.

ನಿನ್ನ,
ಉಮಕ್ಕ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಹರಿದೆ. ಅರ್ಧ ಹೇಳಿ ಕಳಿಸಲು ಮನಸ್ಸು ಬರಲಿಲ್ಲ.

ನಾನು ಮಲಗಿರಲಿಲ್ಲ. ಬಾಗಿಲು ತೆರೆದವಳು ನಾನೇ. ಅದೇ ಡ್ರೈವರ್, ರಮೇಶಕುಮಾರ, ಕೈಚೀಲ ಹಿಡಿದು ನಿಂತಿದ್ದ. "ಅಕ್ಕೋರ, ಸಿದ್ದು ಅದಾನೇನ್ರಿ?" ಅಂದ. ಮಾಫಿ ಕೇಳಲು ಬಂದಿದ್ದಾನೆ ಅಂದುಕೊಂಡೆ. "ಹಿತ್ತಲದಾಗ ಜಳಕ ಮಾಡಾಕತ್ತಾನ, ಹೋಗ್ರಿ" ಅಂದೆ. ಸಿದ್ದುವಿನ ಮುಖದ ತುಂಬ ಸಾಬೂನಿತ್ತು, ಕಣ್ಣು ಮುಚ್ಚಿಕೊಂಡೇ "ಯಾರಕ್ಕ ಬಂದವ್ರು?" ಅಂತ ಕೇಳಿದ. ಮೊದಲ ಏಟಿಗೆ ಕಿಟಕಿಗೆ ಓಡಿದೆ. ಸರಳು ಹಿಡಿದು ನಿಂತೆ, ಕೂಗಲಿಲ್ಲ. ಎಲ್ಲ ನೋಡಿದೆ. ಹೋಗುವಾಗ ಅವನೂ ನನ್ನನ್ನು ನೋಡಿದ.

ಮೂರನೇ ದಿನ ಅವನು ನಮ್ಮ ಮನೆಗೆ ಬಂದು ಅವ್ವನ ಕೈ ಹಿಡಿದು ಅತ್ತ. ಎದ್ದು ಹೋಗುವಾಗ ನನ್ನ ಹತ್ತಿರ ನಿಂತು, "ಅಕ್ಕೋರ, ನಿಮ್ಮ ಭಾಗ್ಯಾ ಈಗ ಎಷ್ಟನೇ ಇಯತ್ತೆ?" ಅಂತ ಮೆಲ್ಲಗೆ ಕೇಳಿದ. ಎರಡನೇ ತರಗತಿ ಅಂದೆ. ಸಂಜೆ ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ, ಮಲಗಿದ್ದೆ ಸಾಹೇಬ್ರ, ಯಾರನ್ನೂ ನೋಡಿಲ್ಲ ಅಂದುಬಿಟ್ಟೆ. ಆ ಹುಡುಗರು ಬೇರೆ ಏನೇ ಕಟ್ಟಿರಲಿ, ನಿದ್ದೆಯ ಮಾತು ಅವರು ಕಟ್ಟಿದ್ದಲ್ಲ. ಅದು ನನ್ನ ಸಹಿ ಇರುವ ಸುಳ್ಳು.

ರಮೇಶಕುಮಾರ ಈಗ ಅಲ್ಲೇ ಹತ್ತಿರ ಭಂಕೂರದಲ್ಲಿದ್ದಾನೆ, ಸ್ವಂತದ ಲಾರಿ ಇವೆ. ಭಾಗ್ಯಾಗೆ ಹದಿನೆಂಟಾಯಿತು. ನಿನ್ನೆ ಅವಳಿಗೆ ಎಲ್ಲ ಹೇಳಿದೆ. "ನನ್ನ ಸಲುವಾಗಿ ಸುಮ್ಮನಿದ್ದಿ ಅಂತ ಇನ್ನ ಹೇಳಬ್ಯಾಡ ಮಮ್ಮಿ" ಅಂದಳು. ಏಟು ಬಿದ್ದಂತಾಯಿತು. ವಕೀಲರ ಹತ್ತಿರ ಹೋಗಿ ಬಂದೆ. ಹದಿನೇಳನೇ ತಾರೀಖು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಶಹಾಬಾದ್ ಠಾಣೆಯಲ್ಲಿ ಹೊಸ ಹೇಳಿಕೆ ಕೊಡುತ್ತೇನೆ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೂ ಕೇಸು ಆಗಬಹುದು, ನೌಕರಿಗೂ ಕುತ್ತು ಬರಬಹುದು ಅಂದರು ವಕೀಲರು. ಆಗಲಿ ಅಂದೆ.

ನೀನು ಒಂದು ದಿನ ರಜೆ ಹಾಕಿ ಬಂದು ಪಕ್ಕದಲ್ಲಿ ಕೂತರೆ ಸಾಕು, ಏನೂ ಮಾತಾಡಬೇಕಿಲ್ಲ. ಬರಲಾಗದಿದ್ದರೂ ನಾನು ಹೋಗುವವಳೇ.